ಕಡತಗಳು ಮನೆ ಬದಲಿಸುವಾಗ

ಕುಂದಾಪುರದ ಕಡೆಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ವಂಡ್ಸೆಯು ದೊಡ್ಡ ಊರೇನೂ ಅಲ್ಲ. ಆದರೆ ಅಲ್ಲಿಯ ಗ್ರಾಮ ಪಂಚಾಯಿತಿಯು ಆರಂಭಿಸಿದ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣಾ ಘಟಕವು ಉಡುಪಿ ಜಿಲ್ಲೆಯಲ್ಲಿ ಒಳ್ಳೆಯ ಹೆಸರು ಪಡೆದಿದೆ. ಮನೆಗಳಿಂದಲೂ ಅಂಗಡಿಗಳಿಂದಲೂ ಬಂದ ಕಸವನ್ನು ಹಸಿಯದು ಬೇರೆ, ಒಣಗಿದುದು ಬೇರೆ, ಕಾಗದ ಬೇರೆ, ಗಾಜು ಬೇರೆ ಎಂದು ವಿಂಗಡಿಸಿ ಅದರದರ ಜಾಗಕ್ಕೆ ಸೇರಿಸುವುದು ಇಂತಹ ಘಟಕದ ಕೆಲಸ. ಆ ಕೆಲಸದಲ್ಲಿ ನುರಿತವರು ಚೀಲದ ಮೇಲೆ ಏನು ಅಚ್ಚಾಗಿದೆ ಎಂದು ನೋಡುವುದಿಲ್ಲ. ಚೀಲವನ್ನು ಬಿಚ್ಚಿ ಒಳಗೆ ಏನಿದೆ ಎಂದು ನೋಡುತ್ತಾರೆ. ಅಕ್ಕಿಯ ಚೀಲದೊಳಗೆ ಅಕ್ಕಿಯೇ ಇರಬೇಕೆಂದು ಯಾವ ನಿಯಮವೂ ಇಲ್ಲವಷ್ಟೆ. ಇನ್ನೊಂದು ಸಂಗತಿಯೂ ಉಂಟು. ಒಂದು ಬಾಟಲಿಯನ್ನು ಇಲ್ಲಿಂದ ಎತ್ತಿ ಅಲ್ಲಿಟ್ಟರೆ ಅದು ಅಲ್ಲಿರುತ್ತದೆ, ಇಲ್ಲಿರುವುದಿಲ್ಲ. ಇದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ.

ಇದೇ ಬಗೆಯ ವಿಂಗಡಣೆಯನ್ನು ಗಣಕಯಂತ್ರವೂ ಮಾಡಬಲ್ಲುದು. ಚಿತ್ರಗಳೆಲ್ಲ ಒಂದು ಡ್ರೈವಿಗೆ, ಹಾಡುಗಳೆಲ್ಲ ಇನ್ನೊಂದಕ್ಕೆ ತಾವಾಗಿ ಹೋಗಿ ಸೇರುವಂತೆ ಅದಕ್ಕೆ ಅಪ್ಪಣೆ ಕೊಡಬಹುದು. ಆದರೆ ಮೇಲೆ ಹೇಳಿದ ಎರಡು ಸಂಗತಿಗಳಲ್ಲಿಯೂ ಗಣಕವು ಮನುಷ್ಯನಿಗಿಂತ ಭಿನ್ನ. ಅದು ಸಾಮಾನ್ಯವಾಗಿ ಚೀಲದ ಮೇಲಿನ ಅಚ್ಚನ್ನೇ ನಂಬುತ್ತದೆ. ಅಲ್ಲದೆ ಅದು ಯಾವುದನ್ನೂ ನಿಜವಾಗಿ ಎತ್ತಿ ಇಡುವುದಿಲ್ಲ. ಈ ಎರಡು ಮಾತುಗಳನ್ನು ಸರಿಯಾಗಿ ತಿಳಿಯದೆ ಹೋದುದರಿಂದ ನಾವು ಒಂದು ಮಳೆಗಾಲದ ಇಪ್ಪತ್ತಾರು ದಿನಗಳನ್ನು ಕಳೆದುಕೊಂಡೆವು. ಆ ಕಥೆಗೆ ಬರುವ ಮೊದಲು ಕೆಲವು ಮೂಲ ಸಂಗತಿಗಳನ್ನು ನೋಡೋಣ.

ಡ್ರೈವ್ ಎಂದರೇನು?

ಗಣಕವು ವಿಷಯವನ್ನು ಬಹುಕಾಲ ಕಾಪಾಡಿಕೊಳ್ಳುವ ಸಾಧನಕ್ಕೆ ಡ್ರೈವ್ ಎಂದು ಹೆಸರು. ಐಬಿಎಂ ಕಂಪೆನಿಯು 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಡ್ರೈವಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಎಲ್ಲ ಸೇರಿ ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಇಂದು ಮೊಬೈಲಿನಲ್ಲಿ ತೆಗೆದ ಎರಡು ಫೋಟೋಗಳಿಗೂ ಅಲ್ಲಿ ಜಾಗ ಸಾಲದು. ಮುಂದೆ ಸಣ್ಣ ಗಣಕಗಳು ಬಂದಾಗ ಎ ಮತ್ತು ಬಿ ಎಂಬ ಅಕ್ಷರಗಳು ಫ್ಲಾಪಿ ಡ್ರೈವುಗಳಿಗೆ ಸಂದವು. ಯಂತ್ರದೊಳಗೇ ಇರುವ ಹಾರ್ಡ್ ಡಿಸ್ಕಿಗೆ ಸಿ ಎಂಬ ಅಕ್ಷರ ಉಳಿಯಿತು. ಫ್ಲಾಪಿಗಳು ಮೂಲೆ ಸೇರಿದರೂ ಸಿ ಡ್ರೈವ್ ಸಿ ಆಗಿಯೇ ಉಳಿದಿದೆ. ಎರಡನೆಯ ಡ್ರೈವನ್ನು ಜೋಡಿಸಿದರೆ ಅದಕ್ಕೆ ಡಿ, ಇ ಮುಂತಾದ ಅಕ್ಷರಗಳು ಬರುತ್ತವೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ಗಮನಿಸಬೇಕು. ಸಿ ಮತ್ತು ಡಿ ಎಂದು ಎರಡು ಹೆಸರುಗಳು ಕಂಡ ಮಾತ್ರಕ್ಕೆ ಎರಡು ಸಾಧನಗಳು ಇವೆಯೆಂದು ಹೇಳಲಾಗದು. ಒಂದೇ ಡಿಸ್ಕನ್ನು ಒಳಗೋಡೆ ಹಾಕಿ ಎರಡು ಕೋಣೆ ಮಾಡಿದಂತೆ ಭಾಗಿಸಿ, ಎರಡು ಅಕ್ಷರಗಳನ್ನು ಕೊಟ್ಟಿರುವುದುಂಟು. ಆ ಡಿಸ್ಕು ಕೆಟ್ಟರೆ ಎರಡು ಕೋಣೆಗಳೂ ಒಟ್ಟಿಗೆ ಕುಸಿಯುತ್ತವೆ.

ಬಗೆಯನ್ನು ಗುರುತಿಸುವುದು

ಕಡತ, ಎಂದರೆ ಫೈಲು, ಯಾವ ಬಗೆಯದು ಎಂಬುದು ಗಣಕಕ್ಕೆ ಹೇಗೆ ತಿಳಿಯುತ್ತದೆ? ಹೆಸರಿನ ಕೊನೆಗೆ ಒಂದು ಚುಕ್ಕೆ, ಅದರ ಬಳಿಕ ಮೂರು ನಾಲ್ಕು ಅಕ್ಷರಗಳ ಒಂದು ಬಾಲ ಇರುವುದನ್ನು ನೀವು ಕಂಡಿರಬಹುದು. ಜೆಪಿಜಿ ಎಂದಿದ್ದರೆ ಚಿತ್ರ, ಎಂಪಿ3 ಎಂದಿದ್ದರೆ ಧ್ವನಿ, ಪಿಡಿಎಫ್ ಎಂದಿದ್ದರೆ ಪುಟಗಳು. ಗ್ಯಾರಿ ಕಿಲ್ಡಾಲ್ ಅವರು 1974ರಲ್ಲಿ ರೂಪಿಸಿದ ಸಿಪಿ/ಎಂ ಎಂಬ ವ್ಯವಸ್ಥೆಯಲ್ಲಿ ಹೆಸರಿಗೆ 8 ಅಕ್ಷರ, ಬಗೆಗೆ 3 ಅಕ್ಷರ ಎಂದು ಗೊತ್ತುಮಾಡಲಾಗಿತ್ತು. 1981ರಲ್ಲಿ ಬಂದ ಎಂಎಸ್-ಡಾಸ್ ಅದೇ ಕ್ರಮವನ್ನು ಅನುಸರಿಸಿತು. ವಿಂಡೋಸ್ 95 ಬಂದ ಮೇಲೆ ಉದ್ದ ಹೆಸರುಗಳಿಗೆ ಅವಕಾಶವಾಯಿತಾದರೂ ಬಾಲವು ಉಳಿದುಕೊಂಡಿತು. ವಿಂಡೋಸ್ ತಾನು ಬಲ್ಲ ಬಾಲಗಳನ್ನು ಮೊದಲಿನಿಂದಲೇ ಮರೆಮಾಡಿರುತ್ತದೆ. ಫೋಲ್ಡರಿನ ಆಯ್ಕೆಗಳಲ್ಲಿ ಅದನ್ನು ಬದಲಿಸಿದರೆ ಅವು ಕಾಣತೊಡಗುತ್ತವೆ.

ಈ ಬಾಲವೆಂಬುದು ಚೀಲದ ಮೇಲಿನ ಅಚ್ಚು ಮಾತ್ರ. ಹಾಡಿನ ಕಡತದ ಬಾಲವನ್ನು ಜೆಪಿಜಿ ಎಂದು ತಿದ್ದಿದರೆ ಹಾಡು ಚಿತ್ರವಾಗುವುದಿಲ್ಲ. ಆದರೆ ಬಾಲವನ್ನು ನೋಡಿ ವಿಂಗಡಿಸುವ ಯಂತ್ರವು ಅದನ್ನು ಚಿತ್ರಗಳ ರಾಶಿಗೆ ಒಯ್ದು ಹಾಕುವುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಚೀಲ ಬಿಚ್ಚಿ ನೋಡುವ ದಾರಿ ಇದೆಯೇ? ಇದೆ. ಕಡತವೆಂದರೆ 0ಯಿಂದ 255ರವರೆಗಿನ ಸಂಖ್ಯೆಗಳ ಒಂದು ಸಾಲು. ಅಂತಹ ಒಂದೊಂದು ಸಂಖ್ಯೆಯೂ ಒಂದು ಬೈಟ್. ಅನೇಕ ಬಗೆಯ ಕಡತಗಳು ತಮ್ಮ ಮೊದಲ ಕೆಲವು ಬೈಟುಗಳಲ್ಲಿ ತಮ್ಮ ಗುರುತನ್ನು ತಾವೇ ಹೇಳಿಕೊಳ್ಳುತ್ತವೆ. ಜೆಪಿಜಿ ಚಿತ್ರದ ಮೊದಲ ಎರಡು ಬೈಟುಗಳು 255 ಮತ್ತು 216. ಪಿಡಿಎಫ್ ಕಡತವು ಪ್ರತಿಶತ ಚಿಹ್ನೆಯಿಂದ ಆರಂಭವಾಗಿ ಅದರ ಬೆನ್ನಿಗೆ ಪಿ, ಡಿ, ಎಫ್ ಅಕ್ಷರಗಳನ್ನು ಹೊಂದಿರುತ್ತದೆ. ಜಿಪ್ ಎಂಬ ಒತ್ತಿಟ್ಟ ಕಡತವು ಪಿ, ಕೆ ಎಂಬ ಎರಡು ಅಕ್ಷರಗಳಿಂದ ತೊಡಗುತ್ತದೆ. ಅದನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಡಾಕ್ಸ್ ಎಂಬ ಬಾಲವುಳ್ಳ ವರ್ಡ್ ಕಡತವನ್ನು ಹೀಗೆ ಪರೀಕ್ಷಿಸಿದರೆ ಅಲ್ಲಿಯೂ ಪಿ, ಕೆ ಎಂದೇ ಕಂಡು ಸೋಜಿಗವಾಗಬಹುದು. ಅದಕ್ಕೆ ಕಾರಣ, ಆ ಕಡತವು ಒಳಗೊಳಗೆ ಒಂದು ಜಿಪ್ ಗಂಟೇ ಆಗಿರುವುದು. ಯುನಿಕ್ಸ್ ವ್ಯವಸ್ಥೆಯಲ್ಲಿ ಹೀಗೆ ಒಳಗಿನದನ್ನು ನೋಡಿ ಬಗೆ ಹೇಳುವ ಪುಟ್ಟ ಕ್ರಮವಿಧಿಯೊಂದು 1973ರಷ್ಟು ಹಿಂದಿನಿಂದಲೂ ಇದೆ.

ಎಲ್ಲ ಕಡತಗಳಿಗೂ ಇಂತಹ ಮುದ್ರೆ ಇರುವುದಿಲ್ಲ. ಬರಿಯ ಅಕ್ಷರಗಳ ಕಡತ, ಅಲ್ಪವಿರಾಮಗಳಿಂದ ಬೇರ್ಪಡಿಸಿದ ಅಂಕಿಗಳ ಸಿಎಸ್‌ವಿ ಕಡತ, ಇವು ನೇರವಾಗಿ ವಿಷಯದಿಂದಲೇ ಆರಂಭವಾಗುತ್ತವೆ. ಇವುಗಳ ಮಟ್ಟಿಗೆ ಹೆಸರೊಂದೇ ಗುರುತು. ಇದನ್ನು ನೆನಪಿನಲ್ಲಿಡಿ, ನಮ್ಮ ಕಥೆಯಲ್ಲಿ ಇದಕ್ಕೆ ಪಾತ್ರವಿದೆ.

ಕದಲಿಸುವುದು ಎಂದರೇನು?

ಒಂದು ಸರಳ ಪ್ರಯೋಗವನ್ನು ಮಾಡಿ ನೋಡಿ. 2 ಗಿಗಾಬೈಟಿನಷ್ಟು ದೊಡ್ಡದಾದ ಸಿನಿಮಾ ಕಡತವೊಂದನ್ನು ಒಂದೇ ಡ್ರೈವಿನ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕದಲಿಸಿ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಈಗ ಅದನ್ನೇ ಬೇರೆ ಡ್ರೈವಿಗೆ ಕದಲಿಸಿ, ಗಡಿಯಾರ ಹಿಡಿದು ಕಾಲವನ್ನು ಗುರುತು ಹಾಕಿಕೊಳ್ಳಿ. ಸೆಕೆಂಡಿಗೆ 100 ಮೆಗಾಬೈಟ್ ಬರೆಯಬಲ್ಲ ಡ್ರೈವಾದರೆ 2000ವನ್ನು 100ರಿಂದ ಭಾಗಿಸಿ 20 ಸೆಕೆಂಡು; ಸೆಕೆಂಡಿಗೆ 10 ಮೆಗಾಬೈಟ್ ಬರೆಯುವ ಪೆನ್‌ಡ್ರೈವಾದರೆ 200 ಸೆಕೆಂಡು, ಎಂದರೆ ಮೂರು ನಿಮಿಷಕ್ಕೂ ಮಿಕ್ಕಿ ಹಿಡಿಯುತ್ತದೆ.

ಈ ವ್ಯತ್ಯಾಸ ಏತಕ್ಕೆ? ಪ್ರತಿಯೊಂದು ಡ್ರೈವಿನಲ್ಲಿಯೂ ಗ್ರಂಥಾಲಯದ ಪುಸ್ತಕಪಟ್ಟಿಯಂತಹ ಒಂದು ಪಟ್ಟಿ ಇರುತ್ತದೆ. ಯಾವ ಕಡತ ಯಾವ ಫೋಲ್ಡರಿಗೆ ಸೇರಿದ್ದು, ಅದರ ಬೈಟುಗಳು ಡಿಸ್ಕಿನಲ್ಲಿ ಎಲ್ಲಿವೆ ಎಂಬುದು ಆ ಪಟ್ಟಿಯಲ್ಲಿ ಬರೆದಿರುತ್ತದೆ. ಒಂದೇ ಡ್ರೈವಿನೊಳಗೆ ಕದಲಿಸಿದಾಗ ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಬದಲಾಗುತ್ತದೆ. ಬೈಟುಗಳು ಇದ್ದಲ್ಲಿಯೇ ಇರುತ್ತವೆ. ಆದರೆ ಬೇರೆ ಡ್ರೈವಿಗೆ ಬೇರೆಯದೇ ಪಟ್ಟಿ. ಅಲ್ಲಿಗೆ ಕದಲಿಸಬೇಕಾದರೆ ಪ್ರತಿಯೊಂದು ಬೈಟನ್ನೂ ಓದಿ, ಅಲ್ಲಿ ಹೊಸದಾಗಿ ಬರೆದು, ಆಮೇಲೆ ಇಲ್ಲಿಯ ಪಟ್ಟಿಯಿಂದ ಹೆಸರನ್ನು ಹೊಡೆದುಹಾಕಬೇಕು. ಕದಲಿಸುವುದು ಎಂದು ನಾವು ಕರೆಯುವುದು ವಾಸ್ತವವಾಗಿ ನಕಲು ಮಾಡುವುದು ಮತ್ತು ಮೂಲವನ್ನು ಅಳಿಸುವುದು ಎಂಬ ಎರಡು ಕೆಲಸಗಳ ಜೋಡಿ. ಅಪಾಯವೆಲ್ಲ ಇರುವುದು ಈ ಎರಡರ ನಡುವೆ.

ನಕಲು ಮುಗಿಯುವ ಮೊದಲೇ ಕರೆಂಟು ಹೋದರೆ ಏನಾದೀತು? ಸರಿಯಾಗಿ ರಚಿಸಿದ ಕ್ರಮವಿಧಿಯು ನಕಲು ಮುಗಿದ ಮೇಲೆಯೇ ಮೂಲವನ್ನು ಅಳಿಸುತ್ತದೆ. ಆದರೂ ಇಲ್ಲಿ ಒಂದು ಸೂಕ್ಷ್ಮವಿದೆ. ವೇಗಕ್ಕಾಗಿ ಗಣಕವು ಬರೆಯಬೇಕಾದ ಬೈಟುಗಳನ್ನು ಮೊದಲು ತನ್ನ ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಂಡು, ಅನಂತರ ಬಿಡುವಾದಾಗ ಡ್ರೈವಿಗೆ ಇಳಿಸುವುದುಂಟು. ತೆರೆಯ ಮೇಲೆ ಮುಗಿಯಿತು ಎಂದು ಕಂಡಾಗಲೂ ಕೊನೆಯ ಭಾಗವು ಇನ್ನೂ ದಾರಿಯಲ್ಲಿರಬಹುದು. ಪೆನ್‌ಡ್ರೈವನ್ನು ಥಟ್ಟನೆ ಎಳೆಯಬಾರದು, ತೆಗೆಯುವ ಮೊದಲು ಗಣಕಕ್ಕೆ ತಿಳಿಸಬೇಕು ಎನ್ನುವುದು ಇದಕ್ಕಾಗಿಯೇ.

ತಾನಾಗಿ ನಡೆಯುವ ಬಗೆ

ಹೊಸ ಕಡತ ಬಂದುದು ಗಣಕಕ್ಕೆ ಎರಡು ರೀತಿಯಿಂದ ತಿಳಿಯಬಹುದು. ಪತ್ರ ಬಂದಿದೆಯೇ ಎಂದು ಗಂಟೆಗೊಮ್ಮೆ ಅಂಚೆ ಕಚೇರಿಗೆ ಹೋಗಿ ಕೇಳುವುದು ಒಂದು ರೀತಿ. ಅಂಚೆಯವನೇ ಬಂದು ಬಾಗಿಲು ತಟ್ಟುವಂತೆ ಏರ್ಪಡಿಸುವುದು ಇನ್ನೊಂದು ರೀತಿ. ಮೊದಲನೆಯದಕ್ಕೆ ಯುನಿಕ್ಸ್ ವ್ಯವಸ್ಥೆಯಲ್ಲಿ ಕ್ರಾನ್, ವಿಂಡೋಸಿನಲ್ಲಿ ಟಾಸ್ಕ್ ಶೆಡ್ಯೂಲರ್ ಎಂಬ ಕಾಲಪಾಲಕರು ಇದ್ದಾರೆ. ಎರಡನೆಯದಕ್ಕೆ ಲಿನಕ್ಸ್ 2005ರಿಂದ ಐನೋಟಿಫೈ ಎಂಬ ಸೌಲಭ್ಯವನ್ನು ಹೊಂದಿದೆ. ವಿಂಡೋಸಿನಲ್ಲಿಯೂ ಅಂತಹುದು ಇದೆ. ಮನೆಬಳಕೆಗೆ ಮೊದಲನೆಯ ಕ್ರಮವೇ ಸಾಕು: ಅರ್ಧ ಗಂಟೆಗೊಮ್ಮೆ ಎದ್ದು, ಈ ಫೋಲ್ಡರಿನಲ್ಲಿ ಇಂಥ ಬಾಲದ ಕಡತಗಳಿದ್ದರೆ ಅವನ್ನು ಆ ಡ್ರೈವಿಗೆ ಒಯ್ಯಿ ಎಂಬ ಒಂದೆರಡು ಸಾಲಿನ ಅಪ್ಪಣೆ. ವಿಂಡೋಸಿನೊಡನೆಯೇ ಬರುವ ರೋಬೋಕಾಪಿ ಎಂಬ ಕ್ರಮವಿಧಿಗೆ ಇಂತಹ ಅಪ್ಪಣೆಯನ್ನು ಕೊಡಬಹುದು.

ಎರಡು ಎಚ್ಚರಿಕೆಗಳು ಇಲ್ಲಿ ಅಗತ್ಯ. ಒಂದು, ಇನ್ನೂ ಬಂದು ಮುಗಿಯದ ಕಡತವನ್ನು ಮುಟ್ಟಬಾರದು. ಬ್ರೌಸರುಗಳು ಇದಕ್ಕೆ ಜಾಣತನದ ಉಪಾಯವನ್ನು ಅನುಸರಿಸುತ್ತವೆ. ಇಳಿಯುತ್ತಿರುವ ಕಡತಕ್ಕೆ ಅವು ತಾತ್ಕಾಲಿಕವಾದ ಬೇರೊಂದು ಬಾಲವನ್ನು ಅಂಟಿಸಿ, ಪೂರ್ತಿ ಬಂದ ಬಳಿಕವೇ ನಿಜವಾದ ಹೆಸರನ್ನು ಕೊಡುತ್ತವೆ. ಎರಡು, ಕ್ರಮವಿಧಿಗಳಿಗೆ ಸೇರಿದ ಇಎಕ್ಸ್ಇ, ಡಿಎಲ್ಎಲ್ ಮುಂತಾದ ಬಾಲದ ಕಡತಗಳನ್ನು ಕದಲಿಸಲೇಬಾರದು. ಅವು ಎಲ್ಲಿವೆಯೆಂಬ ವಿಳಾಸವನ್ನು ವ್ಯವಸ್ಥೆಯು ಬರೆದಿಟ್ಟುಕೊಂಡಿರುತ್ತದೆ. ಅವು ಅಲ್ಲಿ ಸಿಕ್ಕದೆ ಹೋದರೆ ಕ್ರಮವಿಧಿಯು ತೆರೆಯುವುದೇ ಇಲ್ಲ.

ಕಳೆದುಹೋದ ಜೂನ್

ಇನ್ನು ನಮ್ಮ ಕಥೆಗೆ ಬರೋಣ. ವಂಡ್ಸೆಯ ಮನೆಯೊಂದರ ಅಂಗಳದಲ್ಲಿ ನಮ್ಮ ವಿದ್ಯಾರ್ಥಿಗಳು ಒಂದು ಮಳೆಮಾಪಕವನ್ನು ಕಟ್ಟಿದ್ದರು. ಅದರೊಳಗೆ ತಕ್ಕಡಿಯಂತೆ ಓಲಾಡುವ ಎರಡು ಪುಟ್ಟ ಬಟ್ಟಲುಗಳು. 0.2 ಮಿಲಿಮೀಟರ್ ಮಳೆಯ ನೀರು ತುಂಬಿದೊಡನೆ ಒಂದು ಬಟ್ಟಲು ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ವಾಲಿದ ಕ್ಷಣವು ದಾಖಲಾಗುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕಡೆ ಅದು ವರ್ಷಕ್ಕೆ 20,000 ಸಲ ವಾಲಬೇಕು. ಸಾಲಿಗೆ 20 ಬೈಟಿನಂತೆ ಲೆಕ್ಕ ಹಾಕಿದರೂ ಇಡೀ ವರ್ಷಕ್ಕೆ 4 ಲಕ್ಷ ಬೈಟ್. ಒಂದು ಸಣ್ಣ ಫೋಟೋದಷ್ಟೂ ಇಲ್ಲ.

ಜಾಗವನ್ನು ನುಂಗುತ್ತಿದ್ದುದು ಕ್ಯಾಮೆರಾ. ಹಗಲಿನ 12 ಗಂಟೆಗಳಲ್ಲಿ 5 ನಿಮಿಷಕ್ಕೊಮ್ಮೆ ಆಕಾಶದ ಚಿತ್ರ, ಎಂದರೆ ದಿನಕ್ಕೆ 144 ಚಿತ್ರ. ಒಂದಕ್ಕೆ 3 ಮೆಗಾಬೈಟಿನಂತೆ 432 ಮೆಗಾಬೈಟ್. ಜೂನ್ ಮೊದಲಾಗಿ ಸೆಪ್ಟೆಂಬರ್ ಕೊನೆಯವರೆಗಿನ 122 ದಿನಗಳಿಗೆ ಸುಮಾರು 53 ಗಿಗಾಬೈಟ್. ನಾವು ಇಟ್ಟಿದ್ದ ಹಳೆಯ ಲ್ಯಾಪ್‌ಟಾಪಿನ ಡ್ರೈವಿನ ಒಟ್ಟು ಸಾಮರ್ಥ್ಯವೇ 64 ಗಿಗಾಬೈಟ್. ಆದುದರಿಂದ ಹೊರಗೆ ಒಂದು ಹಾರ್ಡ್ ಡಿಸ್ಕನ್ನು ಜೋಡಿಸಿ, ಜೆಪಿಜಿ ಬಾಲದ ಕಡತಗಳೆಲ್ಲ ಅರ್ಧ ಗಂಟೆಗೊಮ್ಮೆ ಅಲ್ಲಿಗೆ ಹೋಗುವಂತೆ ಅಪ್ಪಣೆ ಬರೆದೆವು. ಚಿತ್ರವೂ ಅಂಕಿಯೂ ಒಂದೇ ಕಡೆ ಇರಲಿ ಎಂದು ಮಳೆಯ ಸಿಎಸ್‌ವಿ ಕಡತಗಳನ್ನೂ ಅದೇ ಅಪ್ಪಣೆಗೆ ಸೇರಿಸಿದೆವು. ಹೆಸರುಗಳು ಎದುರಾದರೆ ಹಳೆಯದರ ಮೇಲೆ ಹೊಸದನ್ನು ಬರೆ ಎಂದೂ ಅದರಲ್ಲಿತ್ತು. ಇಲ್ಲವಾದರೆ ಯಂತ್ರವು ರಾತ್ರಿಯೆಲ್ಲ ಉತ್ತರಕ್ಕಾಗಿ ಕಾಯುತ್ತ ನಿಲ್ಲುತ್ತಿತ್ತು.

ಮೊದಲ ವರ್ಷ ಎಲ್ಲವೂ ಸೊಗಸಾಗಿ ನಡೆಯಿತು. ಎರಡನೆಯ ವರ್ಷದ ಜೂನ್ 26ರಂದು ಒಬ್ಬ ವಿದ್ಯಾರ್ಥಿ ಎರಡು ವರ್ಷಗಳ ಮಳೆಯನ್ನು ಹೋಲಿಸಲು ಕುಳಿತ. ಈ ವರ್ಷದ್ದನ್ನು ಮಾಪಕದ ಕಾರ್ಡಿನಿಂದಲೂ, ಹಿಂದಿನ ವರ್ಷದ್ದನ್ನು ಹೊರಗಿನ ಡಿಸ್ಕಿನಿಂದಲೂ ತೆಗೆದುಕೊಂಡು ನಕ್ಷೆ ಎಳೆದಾಗ ಒಂದರ ಮೇಲೊಂದು ಗೆರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕುಳಿತಿತು. “ಸರ್, ಎರಡು ವರ್ಷವೂ ಒಂದೇ ನಿಮಿಷಕ್ಕೆ ಮಳೆ ಬಂದಿದೆ,” ಎಂದ. ನಿಸರ್ಗವು ಹಾಗೆ ಎಂದಿಗೂ ಮಾಡುವುದಿಲ್ಲ. ನಮಗೆ ಆಗಲೇ ಎದೆ ಧಸಕ್ಕೆಂದಿತು.

ಕಾರಣವು ಸರಳವಾಗಿತ್ತು. ಚಿತ್ರಗಳ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಗಂಟೆ ಎಲ್ಲವೂ ಇದ್ದವು. ಮಳೆಯ ಕಡತಕ್ಕೆ ತಿಂಗಳು ಮತ್ತು ದಿನ ಮಾತ್ರ: ಜೂನ್ 15 ಎಂದರೆ 0615. ಎರಡನೆಯ ವರ್ಷದ 0615 ಬಂದಾಗ ಯಂತ್ರವು ನಮ್ಮ ಅಪ್ಪಣೆಯಂತೆಯೇ ಮೊದಲ ವರ್ಷದ 0615ರ ಮೇಲೆ ಅದನ್ನು ಬರೆದಿತ್ತು. ಕಡತದೊಳಗೂ ಗಂಟೆ ನಿಮಿಷಗಳು ಮಾತ್ರ ಇದ್ದುದರಿಂದ, ಬಿಚ್ಚಿ ನೋಡಿದರೂ ವರ್ಷ ತಿಳಿಯುವಂತಿರಲಿಲ್ಲ. ಮಾಪಕದ ಕಾರ್ಡನ್ನು ನಾವೇ ಮಳೆಗಾಲಕ್ಕೆ ಮೊದಲು ಖಾಲಿ ಮಾಡಿದ್ದೆವು. ಅಳಿಸಿದ ಕಡತದ ಹೆಸರು ಪಟ್ಟಿಯಿಂದ ಹೋದರೂ ಆ ಜಾಗದಲ್ಲಿ ಹೊಸದನ್ನು ಬರೆಯುವವರೆಗೆ ಹಾರ್ಡ್ ಡಿಸ್ಕಿನಲ್ಲಿ ಬೈಟುಗಳು ಉಳಿದಿರುವುದುಂಟು. ಆ ಆಸೆಯಿಂದ ಹುಡುಕಿದೆವು. ಆದರೆ ದಿನವೂ 432 ಮೆಗಾಬೈಟ್ ಚಿತ್ರಗಳು ಬಂದು ಬೀಳುತ್ತಿದ್ದ ಡಿಸ್ಕಿನಲ್ಲಿ ಏನೂ ಸಿಕ್ಕಲಿಲ್ಲ.

ಆ ಮನೆಯ ಅಮ್ಮ ಪ್ರತಿದಿನ ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯ ಕ್ರಮದಂತೆ, ಸಾದಾ ಮಳೆಮಾಪಕವನ್ನು ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅದರಿಂದ ದಿನದ ಒಟ್ಟು ಮಳೆ ಉಳಿಯಿತು. ಯಾವ ಗಂಟೆಯಲ್ಲಿ ಎಷ್ಟು ರಭಸದಿಂದ ಸುರಿಯಿತು ಎಂಬುದು ಮಾತ್ರ ಹೋಯಿತು. ಪ್ರಯೋಗಶಾಲೆಯಲ್ಲಿ ಲೋಲಕದ ಅಳತೆ ಕಳೆದರೆ ಮತ್ತೆ ಲೋಲಕವನ್ನು ತೂಗಬಹುದು. ಬಿದ್ದುಹೋದ ಮಳೆಯನ್ನು ಮತ್ತೆ ಬೀಳಿಸಲಾಗದು. ಜಾಗಕ್ಕಾಗಿ ಕದಲಿಸಬೇಕಾದ ಅಗತ್ಯವೇ ಇಲ್ಲದಿದ್ದ ಕೆಲವೇ ಸಾವಿರ ಬೈಟುಗಳು ನಷ್ಟವಾಗಿ, ಸಾವಿರಾರು ಮೋಡದ ಚಿತ್ರಗಳು ಸುರಕ್ಷಿತವಾಗಿ ಉಳಿದವು.

ಸರಿಯಾದ ಕ್ರಮ

ಆ ಬಳಿಕ ನಾವು ಅಪ್ಪಣೆಯನ್ನು ಹೀಗೆ ತಿದ್ದಿಕೊಂಡೆವು. ಮೊದಲನೆಯದಾಗಿ, ಹತ್ತು ನಿಮಿಷಗಳಿಂದ ಗಾತ್ರ ಬದಲಾಗದ ಕಡತವನ್ನು ಮಾತ್ರ ಮುಟ್ಟತಕ್ಕದ್ದು. ಎರಡನೆಯದಾಗಿ, ಆಚೆಯ ಡ್ರೈವಿನಲ್ಲಿ ಅದೇ ಹೆಸರಿನ ಕಡತವಿದ್ದರೆ ಅದರ ಮೇಲೆ ಎಂದಿಗೂ ಬರೆಯದೆ, ಹೊಸದಕ್ಕೆ ಬೇರೆ ಹೆಸರನ್ನು ಕೊಡತಕ್ಕದ್ದು. ಮೂರನೆಯದಾಗಿ, ನಕಲನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆಯತಕ್ಕದ್ದು. ನಾಲ್ಕನೆಯದಾಗಿ, ಮೂಲವೂ ನಕಲೂ ಒಂದೇ ಎಂದು ತಾಳೆ ನೋಡಿದ ಮೇಲೆ ನಕಲಿಗೆ ನಿಜವಾದ ಹೆಸರನ್ನು ಕೊಡತಕ್ಕದ್ದು. ಐದನೆಯದಾಗಿ, ಮೂಲವನ್ನು ಕೂಡಲೆ ಅಳಿಸದೆ, ಮೂವತ್ತು ದಿನ ಒಂದು ಕಾಯುವ ಫೋಲ್ಡರಿನಲ್ಲಿ ಇಟ್ಟು ಆಮೇಲೆ ಅಳಿಸತಕ್ಕದ್ದು. ಯಾವುದು ಎಂದು ಎಲ್ಲಿಗೆ ಹೋಯಿತೆಂಬ ದಿನಚರಿಯನ್ನೂ ಬರೆಯತಕ್ಕದ್ದು. ಕಡತದ ಹೆಸರಿನಲ್ಲಿಯೂ ಅದರೊಳಗೂ ವರ್ಷವನ್ನು ನಮೂದಿಸಿದೆವೆಂದು ಬೇರೆ ಹೇಳಬೇಕಾಗಿಲ್ಲ.

ತಾಳೆ ನೋಡುವ ಬಗೆ ಸ್ವಾರಸ್ಯವಾದುದು. ಗುಣಾಕಾರ ಸರಿಯೇ ಎಂದು ನೋಡಲು ಅಂಕೆಗಳನ್ನು ಕೂಡಿಸಿ ಒಂಬತ್ತುಗಳನ್ನು ಕಳೆಯುವ ಪದ್ಧತಿಯನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. 472ರ ಅಂಕೆಗಳ ಮೊತ್ತ 13. ಆದರೆ 427ರ ಮೊತ್ತವೂ 13. ಎರಡು ಅಂಕೆಗಳು ಸ್ಥಾನ ಬದಲಿಸಿದರೆ ಈ ಪರೀಕ್ಷೆಗೆ ತಿಳಿಯದು. ಪ್ರತಿಯೊಂದು ಅಂಕೆಯನ್ನೂ ಅದರ ಸ್ಥಾನದಿಂದ ಗುಣಿಸಿ ಕೂಡಿದರೆ ಮೊದಲನೆಯದಕ್ಕೆ 4+14+6, ಎಂದರೆ 24. ಎರಡನೆಯದಕ್ಕೆ 4+4+21, ಎಂದರೆ 29. ಈಗ ತಪ್ಪು ಸಿಕ್ಕಿಬಿದ್ದಿತು. ಇದೇ ವಿಚಾರವನ್ನು ಬಹಳ ದೂರ ಕೊಂಡೊಯ್ದರೆ ಎಸ್‌ಎಚ್‌ಎ-256 ಎಂಬ ವಿಧಾನ ದೊರೆಯುತ್ತದೆ. ಎಷ್ಟೇ ದೊಡ್ಡ ಕಡತವಾದರೂ ಅದು 256 ಬಿಟ್‌ಗಳ ಒಂದು ಮುದ್ರೆಯನ್ನು ಕೊಡುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಮುದ್ರೆಯು ಗುರುತೇ ಸಿಕ್ಕದಂತೆ ಬದಲಾಗುತ್ತದೆ. ಎರಡೂ ಕಡೆಯ ಮುದ್ರೆಗಳು ಒಂದೇ ಆಗಿದ್ದರೆ ಕಡತಗಳೂ ಒಂದೇ ಎಂದು ನಿಶ್ಚಿಂತೆಯಿಂದ ನಂಬಬಹುದು.

ಇದೇ ಕೆಲಸವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡುವ ಕೇಂದ್ರವೊಂದು ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಇಸ್ರೋ ಸಂಸ್ಥೆಯ ಭಾರತೀಯ ಅಂತರಿಕ್ಷ ವಿಜ್ಞಾನ ದತ್ತಾಂಶ ಕೇಂದ್ರವಿದೆ. 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶವು ಅಲ್ಲಿ ಉಪಕರಣವಾರು ವಿಂಗಡಣೆಗೊಂಡು, ಹಂತ ಹಂತವಾಗಿ ಸಂಸ್ಕರಿಸಲ್ಪಟ್ಟು, ಭಂಡಾರವನ್ನು ಸೇರುತ್ತದೆ. ಖಗೋಳ ವಿಜ್ಞಾನಿಗಳು ಬಳಸುವ ಫಿಟ್ಸ್ ಎಂಬ ಕಡತದ ಬಗೆಯನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 1982ರಲ್ಲಿಯೇ ಅಂಗೀಕರಿಸಿತು. ಯಾವ ದೂರದರ್ಶಕ, ಯಾವ ಉಪಕರಣ, ಯಾವ ದಿನಾಂಕ ಎಂಬುದನ್ನೆಲ್ಲ ಕಡತದ ತಲೆಭಾಗದಲ್ಲಿಯೇ ಬರೆಯುವುದಕ್ಕೆ ಅದರಲ್ಲಿ ಗೊತ್ತಾದ ಸ್ಥಳವಿದೆ. ಹೆಸರು ಅಳಿಸಿಹೋದರೂ ಕಡತವು ತಾನು ಯಾರೆಂದು ಹೇಳಬಲ್ಲುದು. ಒಂದು ಕ್ಷಣದ ಆಕಾಶವನ್ನು ಮತ್ತೊಮ್ಮೆ ನೋಡಲಾಗದೆಂಬುದನ್ನು ಅವರು ನಮಗಿಂತ ಎಷ್ಟೋ ಮೊದಲೇ ಅರಿತಿದ್ದರು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಬೇರೆ ಡ್ರೈವಿಗೆ ಕದಲಿಸಿದ ಕಡತವು ಸುರಕ್ಷಿತವಾಯಿತೆಂದು ತಿಳಿಯಬಾರದು. ಮೊದಲು ಒಂದೇ ಪ್ರತಿ ಇತ್ತು, ಈಗಲೂ ಒಂದೇ ಪ್ರತಿ ಇದೆ, ಇರುವ ಜಾಗ ಮಾತ್ರ ಬೇರೆ. ಬೆಲೆಯುಳ್ಳದ್ದಕ್ಕೆ ಎರಡನೆಯ ಪ್ರತಿಯು ಇನ್ನೊಂದು ಸಾಧನದಲ್ಲಿ, ಸಾಧ್ಯವಾದರೆ ಇನ್ನೊಂದು ಮನೆಯಲ್ಲಿ ಇರಬೇಕು. ಸ್ವಯಂಚಾಲನೆಯ ಅಪ್ಪಣೆಯನ್ನು ಬರೆಯುವ ಆಸಕ್ತಿಯುಳ್ಳವರು ಅವಶ್ಯವಾಗಿ ಬರೆಯಿರಿ. ಆದರೆ ಮೊದಲು ಬೇಡವಾದ ಹತ್ತು ಕಡತಗಳನ್ನು ಒಂದು ಫೋಲ್ಡರಿನಲ್ಲಿ ಹಾಕಿ, ಅವುಗಳಲ್ಲಿ ಎರಡು ಒಂದೇ ಹೆಸರಿನವು ಎದುರಾಗುವಂತೆ ಮಾಡಿ, ಏನಾಗುತ್ತದೆ ಎಂದು ಪ್ರಯೋಗಿಸಿ ನೋಡಿ. ವಂಡ್ಸೆಯ ಅಂಗಳದಲ್ಲಿ ಈಗಲೂ ಬಟ್ಟಲುಗಳು ವಾಲುತ್ತಿವೆ. ಅಮ್ಮನ ನೋಟ್‌ಬುಕ್ಕೂ ಹಾಗೆಯೇ ಮುಂದುವರಿದಿದೆ. ಪ್ರತಿ ಪುಟದ ಮೇಲ್ಭಾಗದಲ್ಲಿ ಅವರು ಮೊದಲಿನಿಂದಲೂ ವರ್ಷವನ್ನು ಬರೆಯುತ್ತ ಬಂದಿದ್ದಾರೆ.